ಹಳೆಯ ಗಾಡಿಯ ನಾಡಿ

ಹಳೆಯ ಮೋಟಾರು ಗಾಡಿಯ ವಿಷಯವನ್ನು ರೇಡಿಯೋದಲ್ಲಿ ಮಾತನಾಡುವುದಕ್ಕೆ ಒಂದು ಅನುಕೂಲವುಂಟು. ಇಲ್ಲಿ ಚಿತ್ರವಿಲ್ಲ, ಯಂತ್ರವಿಲ್ಲ, ಕಿವಿಯೊಂದೇ ಆಧಾರ. ಹಳೆಯ ಗಾಡಿಯ ರೋಗವನ್ನು ಗುರುತಿಸುವುದಕ್ಕೂ ಬಹುಮಟ್ಟಿಗೆ ಬೇಕಾದುದು ಕಿವಿಯೇ. ಇಂದಿನ ಹೊಸ ಗಾಡಿಗಳಲ್ಲಿ ಗಣಕವೊಂದು ಒಳಗೆ ಕುಳಿತು ಎಲ್ಲವನ್ನೂ ಗಮನಿಸುತ್ತ, ಕೆಟ್ಟುದು ಇಂತಹುದೆಂದು ಸಂಕೇತಸಂಖ್ಯೆಯಲ್ಲಿ ಬರೆದಿಡುತ್ತದೆ. ಅಂಬಾಸಿಡರು, ಪ್ರೀಮಿಯರ್ ಪದ್ಮಿನಿ ಮೊದಲಾದ ಹಿರಿಯ ಗಾಡಿಗಳಿಗೆ ಆ ಸೌಕರ್ಯವಿಲ್ಲ. ಅವು ತಮ್ಮ ಸಂಕಟವನ್ನು ಸದ್ದಿನಿಂದ, ಹೊಗೆಯಿಂದ, ವಾಸನೆಯಿಂದ, ನಡುಕದಿಂದ ಹೇಳಿಕೊಳ್ಳತಕ್ಕವು. ಆ ಮಾತು ತಿಳಿದರೆ ಮನೆಯಂಗಳದಲ್ಲಿ ನಿಂತೇ ಬಹಳ ಸಂಗತಿಗಳನ್ನು ಅರಿಯಬಹುದು.

ಅಂಬಾಸಿಡರಿನ ತಯಾರಿಕೆಯು 2014ರಲ್ಲಿ ಉತ್ತರಪಾರದ ಕಾರ್ಖಾನೆಯಲ್ಲಿ ನಿಂತುಹೋಯಿತು. ಪದ್ಮಿನಿಯದು ಅದಕ್ಕೂ ಮೊದಲೇ ನಿಂತಿತ್ತು. ಈಗ ಇವುಗಳನ್ನು ಇಟ್ಟುಕೊಂಡಿರುವವರು ಪ್ರಯೋಜನಕ್ಕಿಂತ ಹೆಚ್ಚಾಗಿ ಮಮತೆಯಿಂದ ಇಟ್ಟುಕೊಂಡವರು. ಖಾಸಗಿ ಗಾಡಿಗೆ 15 ವರ್ಷ ತುಂಬಿದ ಮೇಲೆ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕಷ್ಟೆ. ಪ್ರತಿ ಸಲವೂ ಇಟ್ಟುಕೊಳ್ಳುವುದೊ ಗುಜರಿಗೆ ಕೊಡುವುದೊ ಎಂಬ ಪ್ರಶ್ನೆ ಏಳುತ್ತದೆ. ಈ ಪ್ರಶ್ನೆಗೆ ಉತ್ತರವು ಎಷ್ಟೋ ವೇಳೆ ಗಾರೇಜಿನವರ ಬಾಯಿಂದ ಹೊರಡುವ ಒಂದು ವಾಕ್ಯದಲ್ಲಿ ತೀರ್ಮಾನವಾಗಿಬಿಡುತ್ತದೆ: “ಎಂಜಿನ್ನು ಕೆಲಸಕ್ಕೆ ಬಂದಿದೆ.”

ನನ್ನ ಸೋದರಮಾವನವರ ಅಂಬಾಸಿಡರಿಗೂ ಹೀಗೆಯೇ ಆಯಿತು. ಬೆಂಗಳೂರಿನ ಬಸವನಗುಡಿಯಲ್ಲಿ ಅವರ ಮನೆ. ಗಾಡಿಯು ನಿಂತಲ್ಲಿ ಕುಂಟುವಂತೆ ನಡುಗುವುದು, ಏರಿನಲ್ಲಿ ಉಸಿರು ಬಿಡುವುದು ಮೊದಲಾಯಿತು. ಗಾರೇಜಿಗೆ ಕೊಂಡೊಯ್ದರು. ಅಲ್ಲಿಯ ಮೇಸ್ತ್ರಿಯು ಬಾನೆಟ್ಟನ್ನು ಎತ್ತಿ, ಎರಡು ಸಲ ಆಕ್ಸಲರೇಟರನ್ನು ಒತ್ತಿ ಕೇಳಿ, ಪಿಸ್ಟನ್ನು ಉಂಗುರಗಳೆಲ್ಲ ಸವೆದಿವೆ, ಎಂಜಿನ್ನನ್ನು ಇಳಿಸಿ ಬೋರ್ ಮಾಡಿಸಬೇಕು ಎಂದನು. ಅವನು ಹೇಳಿದ ಮೊತ್ತವು ಗಾಡಿಯ ಬೆಲೆಗೆ ಹತ್ತಿರವಾಗಿತ್ತು. ಮಾವನವರು ನನ್ನನ್ನು ಕರೆದು, “ಇಷ್ಟು ವರ್ಷ ನಮ್ಮನ್ನು ಹೊತ್ತಿತು, ಇನ್ನು ಸಾಕು, ಕೊಟ್ಟುಬಿಡೋಣ ಅಂತ ಇದ್ದೇನಪ್ಪಾ” ಎಂದರು. ಹೇಳುವಾಗ ಅವರು ಗಾಡಿಯ ಕಡೆ ನೋಡಲಿಲ್ಲ. ಒಂದು ಭಾನುವಾರ ನನಗೆ ಬಿಡಿ, ಆಮೇಲೆ ತೀರ್ಮಾನಿಸೋಣ ಎಂದೆನು.

ಇಲ್ಲಿ ಮೇಸ್ತ್ರಿಯು ಮೋಸಗಾರನೆಂದು ನಾನು ಹೇಳುತ್ತಿಲ್ಲ. ಅವನು ಪರೀಕ್ಷೆ ಮಾಡದೆ ಊಹಿಸಿದನು, ಅಷ್ಟೆ. ಪರೀಕ್ಷೆಯೆಂದರೆ ಒಂದೇ ಒಂದು ಸಂಗತಿಯನ್ನು ಬದಲಿಸಿ, ಉಳಿದುದೆಲ್ಲವನ್ನೂ ಇದ್ದಂತೆಯೇ ಬಿಟ್ಟು, ರೋಗದ ಲಕ್ಷಣವು ಏನಾಯಿತೆಂದು ನೋಡುವುದು. ಪ್ಲಗ್ಗನ್ನೂ ಪಾಯಿಂಟನ್ನೂ ಕಾರ್ಬುರೇಟರನ್ನೂ ಒಟ್ಟಿಗೆ ಬದಲಿಸಿದರೆ ಗಾಡಿಯು ಸರಿಹೋಗಬಹುದು. ಆದರೆ ಯಾವುದರಿಂದ ಸರಿಹೋಯಿತೆಂಬುದು ತಿಳಿಯುವುದಿಲ್ಲ. ಸರಿಹೋಗದಿದ್ದರೆ ಮೊದಲಿಗಿಂತಲೂ ಕತ್ತಲೆ.

ಕೆಲಸಕ್ಕೆ ಕೈಹಾಕುವ ಮೊದಲು ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಬಾಗಿಲು ಮುಚ್ಚಿದ ಷೆಡ್ಡಿನಲ್ಲಿ ಎಂಜಿನ್ನನ್ನು ಓಡಿಸಕೂಡದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆ ತಿರುಗಿತೆಂದು ತಿಳಿಯುವ ವೇಳೆಗೆ ಹೊರಗೆ ನಡೆಯುವ ಶಕ್ತಿ ಉಳಿದಿರುವುದಿಲ್ಲ. ಎರಡನೆಯದಾಗಿ, ಜಾಕಿನ ಮೇಲೆ ಮಾತ್ರ ನಿಂತಿರುವ ಗಾಡಿಯ ಕೆಳಗೆ ಎಂದಿಗೂ ನುಗ್ಗಕೂಡದು. ಗಟ್ಟಿಯಾದ ಸ್ಟ್ಯಾಂಡುಗಳನ್ನು ಕೊಟ್ಟು, ಚಕ್ರಗಳಿಗೆ ತಡೆಯಿಟ್ಟ ಮೇಲೆಯೇ ತಲೆಯನ್ನು ಒಳಗಿಡಬೇಕು.

ವೈದ್ಯನು ರೋಗಿಯನ್ನು ಮುಟ್ಟುವ ಮೊದಲು ಪ್ರಶ್ನೆಗಳನ್ನು ಕೇಳುವಂತೆ ಗಾಡಿಯ ಯಜಮಾನನನ್ನೂ ಕೇಳಬೇಕು. ತೊಂದರೆಯು ಬೆಳಗಿನ ತಣ್ಣನೆಯ ಹೊತ್ತಿನಲ್ಲಿಯೊ, ಕಾದ ಮೇಲೆಯೊ? ಏರಿನಲ್ಲಿಯೊ, ಇಳಿಜಾರಿನಲ್ಲಿಯೊ? ಸದ್ದು ಗಾಡಿಯ ವೇಗದೊಡನೆ ಹೆಚ್ಚುತ್ತದೆಯೊ, ಎಂಜಿನ್ನಿನ ವೇಗದೊಡನೆ ಹೆಚ್ಚುತ್ತದೆಯೊ? ಈ ಕೊನೆಯ ಪ್ರಶ್ನೆಯೊಂದೇ ಅರ್ಧ ಗಾಡಿಯನ್ನು ಸಂಶಯದಿಂದ ಬಿಡುಗಡೆ ಮಾಡಿಬಿಡುತ್ತದೆ. ನಿಂತ ಗಾಡಿಯಲ್ಲಿಯೂ ಕೇಳಿಸುವ ಸದ್ದಿಗೆ ಹಿಂದಿನ ಆಕ್ಸಲಾಗಲಿ ಚಕ್ರಗಳಾಗಲಿ ಕಾರಣವಾಗಲಾರವು. ಹಿಂದಿನ ರಾತ್ರಿ ಗಾಡಿಯ ಕೆಳಗೆ ಹಳೆಯ ವೃತ್ತಪತ್ರಿಕೆಗಳನ್ನು ಹಾಸಿಡುವುದೂ ಒಳ್ಳೆಯದು. ಯಾವ ಯಾವ ಭಾಗದ ಕೆಳಗೆ ಏನೇನು ತೊಟ್ಟಿಕ್ಕಿದೆಯೆಂಬ ನಕ್ಷೆಯು ಬೆಳಗ್ಗೆ ಸಿದ್ಧವಾಗಿರುತ್ತದೆ.

ಮಾವನವರ ಗಾಡಿಯಲ್ಲಿ ಇದ್ದುದು 1489 ಘನ ಸೆಂಟಿಮೀಟರಿನ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ನು. ಮೂಲದಲ್ಲಿ ಇದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಎಂಜಿನ್ನು. ನಾಲ್ವರು ಹೊರುವ ಪಲ್ಲಕ್ಕಿಯಲ್ಲಿ ಒಬ್ಬನು ಕುಂಟಿದರೆ ಪಲ್ಲಕ್ಕಿ ಓಲಾಡುವುದು ಹೇಗೊ ಹಾಗೆ ಎಂಜಿನ್ನೂ ನಡುಗುತ್ತದೆ. ಕುಂಟುವವನು ಯಾರೆಂದು ಕಂಡುಹಿಡಿಯಬೇಕು. ಎಂಜಿನ್ನನ್ನು ನಿಧಾನವಾಗಿ ಓಡಲು ಬಿಟ್ಟು, ರಬ್ಬರಿನ ಹಿಡಿಯುಳ್ಳ ಇಕ್ಕಳದಿಂದ ಪ್ಲಗ್ಗಿನ ತಂತಿಗಳನ್ನು ಒಂದೊಂದಾಗಿ ಬಿಡಿಸಿ ಮತ್ತೆ ಸಿಕ್ಕಿಸುತ್ತ ಹೋಗಬೇಕು. ಇಲ್ಲಿ ಹರಿಯುವುದು ಸಾವಿರಾರು ವೋಲ್ಟಿನ ವಿದ್ಯುತ್ತು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಇದರ ಹತ್ತಿರ ಹೋಗಕೂಡದು. ಒಳ್ಳೆಯ ಸಿಲಿಂಡರಿನ ತಂತಿಯನ್ನು ತೆಗೆದೊಡನೆ ಎಂಜಿನ್ನು ಇನ್ನಷ್ಟು ಕುಗ್ಗುತ್ತದೆ. ಸತ್ತ ಸಿಲಿಂಡರಿನ ತಂತಿಯನ್ನು ತೆಗೆದರೆ ಯಾವ ವ್ಯತ್ಯಾಸವೂ ಆಗುವುದಿಲ್ಲ. ನಮ್ಮ ಗಾಡಿಯಲ್ಲಿ ಒಂದನೆಯದೂ ನಾಲ್ಕನೆಯದೂ ದುಡಿಯುತ್ತಿದ್ದುವು. ನಡುವಣ ಎರಡೂ ಬಹಳ ಕ್ಷೀಣವಾಗಿದ್ದುವು.

ಕ್ಷೀಣವಾದುದು ಸಿಲಿಂಡರೊ, ಪ್ಲಗ್ಗೊ? ಹೊಸ ಪ್ಲಗ್ಗನ್ನು ಕೊಳ್ಳಬೇಕಾಗಿಲ್ಲ. ಒಂದನೆಯ ಸಿಲಿಂಡರಿನ ಪ್ಲಗ್ಗನ್ನು ಎರಡನೆಯದಕ್ಕೂ, ಎರಡನೆಯದರದನ್ನು ಒಂದನೆಯದಕ್ಕೂ ಹಾಕಿದರಾಯಿತು. ರೋಗವು ಪ್ಲಗ್ಗಿನೊಡನೆ ಸ್ಥಳಾಂತರವಾದರೆ ದೋಷ ಪ್ಲಗ್ಗಿನದು. ಮೊದಲಿದ್ದ ಮನೆಯಲ್ಲಿಯೇ ಉಳಿದರೆ ದೋಷ ಮನೆಯದು. ತಂತಿಗಳನ್ನೂ ಹೀಗೆಯೇ ಅದಲುಬದಲು ಮಾಡಿ ನೋಡಬಹುದು. ಮೈಯೆಲ್ಲ ಬಿರಿದ ಹಳೆಯ ತಂತಿಗಳಾದರೆ, ರಾತ್ರಿ ದೀಪವಾರಿಸಿ ಬಾನೆಟ್ಟನ್ನೆತ್ತಿ ಎಂಜಿನ್ನನ್ನು ಓಡಿಸಿ ನೋಡಬೇಕು. ಸೋರುವ ವಿದ್ಯುತ್ತು ಮಿಂಚುಹುಳುಗಳಂತೆ ನೀಲಿಯಾಗಿ ಕಾಣಿಸುತ್ತದೆ. ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳ ನಡುವಣ ಅಂತರವು ಈ ಎಂಜಿನ್ನಿನಲ್ಲಿ ಅಂಗುಲದ ಸಾವಿರದಲ್ಲಿ 15 ಭಾಗ, ಪ್ಲಗ್ಗಿನದು 25 ಭಾಗ. ಪಾಯಿಂಟುಗಳು ಪದೇಪದೇ ಕರಿದು ಸುಟ್ಟುಹೋಗುತ್ತಿದ್ದರೆ ಪಕ್ಕದಲ್ಲಿರುವ ಪುಟ್ಟ ಕಂಡೆನ್ಸರನ್ನು ಸಂಶಯಿಸಬೇಕು. ಗಾಡಿಯು ಕಾದ ಮೇಲೆ ನಿಂತು, ತಣಿದ ಮೇಲೆ ಏನೂ ಆಗಿಲ್ಲವೆಂಬಂತೆ ಹೊರಡುವ ಚೇಷ್ಟೆಗೆ ಈ ಕಂಡೆನ್ಸರೂ ಕಾಯಿಲೂ ಕಾರಣವಾಗುವುದುಂಟು.

ನಮ್ಮ ಗಾಡಿಯಲ್ಲಿ ಪ್ಲಗ್ಗುಗಳೂ ತಂತಿಗಳೂ ನಿರ್ದೋಷಿಗಳೆಂದು ಗೊತ್ತಾಯಿತು. ಆದುದರಿಂದ ಕಂಪ್ರೆಷನ್ ಮಾಪಕವನ್ನು ತೆಗೆದೆನು. ಸಿಲಿಂಡರಿನೊಳಗೆ ಪಿಸ್ಟನ್ನು ಗಾಳಿಯನ್ನು ಎಷ್ಟರಮಟ್ಟಿಗೆ ಅದುಮಬಲ್ಲುದೆಂಬುದನ್ನು ಇದು ಅಳೆಯುತ್ತದೆ. ಎಂಜಿನ್ನು ಬೆಚ್ಚಗಿರಬೇಕು, ಬ್ಯಾಟರಿ ಬಲವಾಗಿರಬೇಕು. ಕಾಯಿಲಿನ ಸಣ್ಣ ತಂತಿಯನ್ನು ಬಿಡಿಸಿ, ನಾಲ್ಕು ಪ್ಲಗ್ಗುಗಳನ್ನೂ ತೆಗೆದು, ಆಕ್ಸಲರೇಟರನ್ನು ಪೂರ್ತಿಯಾಗಿ ಒತ್ತಿಹಿಡಿದು, ಪ್ರತಿ ಸಿಲಿಂಡರಿಗೂ ಸ್ಟಾರ್ಟರಿನಿಂದ ಸಮವಾಗಿ ಐದಾರು ಸುತ್ತು ಕೊಡಬೇಕು. ಆಕ್ಸಲರೇಟರನ್ನು ಒತ್ತುವ ಕೆಲಸವನ್ನು ಮಾವನವರೇ ವಹಿಸಿಕೊಂಡರು. ಮೊದಲನೆಯದು ಚದರಂಗುಲಕ್ಕೆ 115 ಪೌಂಡು ತೋರಿಸಿತು, ಎರಡನೆಯದು 60, ಮೂರನೆಯದು 65, ನಾಲ್ಕನೆಯದು 110.

ಇಲ್ಲಿ ಒಂದು ಮಾತು. ಇಂಗ್ಲೆಂಡಿನಲ್ಲಿ ಅಚ್ಚಾದ ಕೈಪಿಡಿಯನ್ನು ಮುಂದಿಟ್ಟುಕೊಂಡು ಈ 115ನ್ನು ನೋಡಿ ಹೆದರಬೇಕಾಗಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿದೆ. ಇಲ್ಲಿಯ ಗಾಳಿಯೇ ಹತ್ತರಲ್ಲಿ ಒಂದು ಪಾಲಿನಷ್ಟು ತೆಳು. ಮಂಗಳೂರಿನಲ್ಲಿ 128 ತೋರಿಸುವ ಎಂಜಿನ್ನು ಇಲ್ಲಿ 115ನ್ನೇ ತೋರಿಸೀತು. ಮುಖ್ಯವಾದುದು ಅಂಕಿಯ ಎತ್ತರವಲ್ಲ, ಅಂಕಿಗಳ ನಡುವಣ ಸಮಾನತೆ. ನಾಲ್ಕೂ ಒಂದಕ್ಕೊಂದು ನೂರಕ್ಕೆ ಹತ್ತು ಹದಿನೈದರೊಳಗೆ ಇದ್ದರೆ ಚಿಂತೆಯಿಲ್ಲ.

ಕಡಮೆಯಾದ ಸಿಲಿಂಡರಿನೊಳಕ್ಕೆ ಪ್ಲಗ್ಗಿನ ರಂಧ್ರದಿಂದ ಒಂದು ಚಮಚದಷ್ಟು ಎಂಜಿನ್ ಎಣ್ಣೆಯನ್ನು ಬಿಟ್ಟು ಮತ್ತೆ ಅಳೆಯಬೇಕು. ಎಣ್ಣೆಯು ಪಿಸ್ಟನ್ ಉಂಗುರಗಳ ಸುತ್ತಲೂ ಹರಡಿ ಸಂದುಗಳನ್ನು ಮುಚ್ಚುತ್ತದೆ. ಆದುದರಿಂದ ಉಂಗುರಗಳು ಸವೆದಿದ್ದಲ್ಲಿ ಅಂಕಿಯು ಥಟ್ಟನೆ ಮೇಲೇರುತ್ತದೆ. ಏರದಿದ್ದರೆ ಗಾಳಿಯು ಮೇಲುಗಡೆಯಿಂದ, ಎಂದರೆ ವಾಲ್ವುಗಳಿಂದ ಇಲ್ಲವೆ ಹೆಡ್ ಗ್ಯಾಸ್ಕೆಟ್ಟಿನಿಂದ, ತಪ್ಪಿಸಿಕೊಳ್ಳುತ್ತಿದೆಯೆಂದು ಅರ್ಥ. ನಮ್ಮ ಎರಡನೆಯ ಮತ್ತು ಮೂರನೆಯ ಸಿಲಿಂಡರುಗಳಿಗೆ ಎಣ್ಣೆ ಬಿಟ್ಟಾಗ ಮುಳ್ಳು ಮೊದಲಿದ್ದಲ್ಲಿಯೇ ನಿಂತಿತು. ಉಂಗುರಗಳ ಮೇಲಿನ ಆಪಾದನೆಯು ಅಲ್ಲಿಗೆ ಬಿದ್ದುಹೋಯಿತು. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಂದೇ ಪ್ರಮಾಣದಲ್ಲಿ ಸೊರಗಿದ್ದರೆ, ಅವೆರಡರ ನಡುವಣ ಗೋಡೆಯ ಮೇಲೆ ಕುಳಿತಿರುವ ಗ್ಯಾಸ್ಕೆಟ್ಟು ಸುಟ್ಟು ಒಂದರ ಗಾಳಿ ಇನ್ನೊಂದಕ್ಕೆ ನುಗ್ಗುತ್ತಿರುವ ಸಂಭವವೇ ಹೆಚ್ಚು. ಎಂಜಿನ್ನನ್ನು ಇಳಿಸಬೇಕಾಗಿರಲಿಲ್ಲ, ಹೆಡ್ಡನ್ನು ಎತ್ತಿದರೆ ಸಾಕಾಗಿತ್ತು. ಇದನ್ನು ಹೇಳಿದಾಗ ಮಾವನವರು ಬಹಳ ಹೊತ್ತು ಮಾತನಾಡದೆ, ಅಂಕಿಗಳನ್ನು ಬರೆದಿದ್ದ ಚೀಟಿಯನ್ನು ಇಸಿದುಕೊಂಡು ಜೇಬಿಗೆ ಹಾಕಿಕೊಂಡರು.

ಉಳಿದ ಗಾಡಿಗಳವರಿಗಾಗಿ ಇನ್ನೆರಡು ಸಾಧನಗಳನ್ನು ಹೇಳಿ ಮುಂದುವರಿಯುವೆನು. ನಿರ್ವಾತ ಮಾಪಕವೆಂಬುದು ಒಳಹರಿವಿನ ಕೊಳವೆಗೆ ಸಿಕ್ಕಿಸುವ ಒಂದು ಗಡಿಯಾರದಂತಹ ಉಪಕರಣ. ಸಮುದ್ರಮಟ್ಟದಲ್ಲಿ, ನಿಧಾನವಾಗಿ ಓಡುವ ಆರೋಗ್ಯವಂತ ಎಂಜಿನ್ನು ಪಾದರಸದ 17ರಿಂದ 21 ಅಂಗುಲವನ್ನು ತೋರಿಸುತ್ತದೆ. ಸಾವಿರ ಅಡಿ ಮೇಲೇರಿದಂತೆಲ್ಲ ಸುಮಾರು ಒಂದಂಗುಲ ಇಳಿಯುತ್ತದೆ. ಬೆಂಗಳೂರಿನವರು ಮೂರನ್ನು ಕಳೆದುಕೊಳ್ಳಬೇಕು. ಮುಳ್ಳು ಅಲುಗದೆ ನಿಂತಿದ್ದರೆ ಸಂತೋಷ. ಲಯಬದ್ಧವಾಗಿ ಒಂದೊಂದು ಸಲ ಕೆಳಕ್ಕೆ ಬಿದ್ದೇಳುತ್ತಿದ್ದರೆ ಒಂದು ವಾಲ್ವು ಸುಟ್ಟಿರಬಹುದು. ಅಲುಗದೆ, ಆದರೆ ಬಹಳ ಕೆಳಗೆ ನಿಂತಿದ್ದರೆ ಕಿಡಿಯು ಕಾಲ ಮೀರಿ ಹಾರುತ್ತಿರಬೇಕು, ಇಲ್ಲವೆ ಎಲ್ಲಿಯೋ ಗಾಳಿ ಸೋರುತ್ತಿರಬೇಕು. ಎರಡನೆಯ ಸಾಧನಕ್ಕೆ ಬೆಲೆಯೇ ಇಲ್ಲ: ಅದು ಎರಡಡಿ ಉದ್ದದ ಒಂದು ಮರದ ಕೋಲು. ಒಂದು ತುದಿಯನ್ನು ಎಂಜಿನ್ನಿನ ಮೈಗೂ, ಇನ್ನೊಂದನ್ನು ಕಿವಿಯ ಬಳಿಯ ಎಲುಬಿಗೂ ತಾಗಿಸಿದರೆ ಒಳಗಿನ ಸದ್ದುಗಳು ಬೇರೆಬೇರೆಯಾಗಿ ಕೇಳಿಸುತ್ತವೆ. 1816ರಲ್ಲಿ ಪ್ಯಾರಿಸಿನ ವೈದ್ಯ ಲೆನೆಕ್ಕನು ಕಾಗದವನ್ನು ಸುರುಳಿಸುತ್ತಿ ರೋಗಿಯ ಎದೆಗಿಟ್ಟು ಕೇಳಿದುದೂ ಇದೇ ಉಪಾಯದಿಂದಲೇ. ತಿರುಗುವ ಫ್ಯಾನಿನಿಂದ ಕೋಲನ್ನೂ ತಲೆಗೂದಲನ್ನೂ ಬಟ್ಟೆಯ ಸೆರಗನ್ನೂ ದೂರವಿಟ್ಟುಕೊಳ್ಳಬೇಕು.

ಕೋಲಿನಿಂದ ಕೇಳುವ ಸದ್ದುಗಳಲ್ಲಿ ಭಯಪಡಬೇಕಾದುವು ಕೆಲವು, ಬೇಡವಾದುವು ಕೆಲವು. ಬೆಳಗ್ಗೆ ಟೊಕಟೊಕನೆ ಬಡಿದು, ಕಾದ ಮೇಲೆ ಅಡಗುವ ಸದ್ದು ಸವೆದ ಪಿಸ್ಟನ್ನಿನದು. ಅದರೊಡನೆ ಬಹುಕಾಲ ಬಾಳಬಹುದು. ವೇಗವಾಗಿ ಓಡುತ್ತಿದ್ದ ಎಂಜಿನ್ನನ್ನು ಸ್ವಲ್ಪ ಸಡಿಲಿಸಿದಾಗ ಕೇಳಿಸುವ ಗಟ್ಟಿಯಾದ ಬಡಿತವು ಕನೆಕ್ಟಿಂಗ್ ರಾಡಿನ ಬೇರಿಂಗಿನದಾಗಿರಬಹುದು. ಆಯಾ ಸಿಲಿಂಡರಿನ ಪ್ಲಗ್ ತಂತಿಯನ್ನು ಬಿಡಿಸಿದಾಗ ಬಡಿತವು ತಗ್ಗಿದರೆ ರೋಗದ ಮನೆ ಗೊತ್ತಾದಂತಾಯಿತು. ಅಂತಹ ಗಾಡಿಯನ್ನು ಅಲ್ಲಿಂದ ಒಂದು ಮೈಲಿಯೂ ಓಡಿಸಕೂಡದು. ಭಾರವೆಳೆಯುವಾಗ ತಳದಿಂದ ಬರುವ ಮಂದವಾದ ಗುದ್ದು, ಜತೆಗೆ ಕಾದ ಎಂಜಿನ್ನಿನಲ್ಲಿ ಮಿಣುಕುವ ಎಣ್ಣೆಯ ದೀಪ, ಇವೆರಡೂ ಕೂಡಿದರೆ ಮುಖ್ಯ ಬೇರಿಂಗುಗಳ ಕಡೆ ನೋಡಬೇಕು.

ಟ್ಯಾಪೆಟ್ಟಿನ ಟಿಕಟಿಕ ಸದ್ದನ್ನು ಕುರಿತು ಜನರಿಗೆ ತಪ್ಪು ತಿಳುವಳಿಕೆಯಿದೆ. ಸದ್ದಿಲ್ಲದ ಟ್ಯಾಪೆಟ್ಟೇ ಒಳ್ಳೆಯದೆಂದು ಅವರ ಭಾವನೆ. ನಮ್ಮ ದೇಶದಲ್ಲಿ 2000ದಿಂದೀಚೆಗೆ ಸೀಸವಿಲ್ಲದ ಪೆಟ್ರೋಲು ಮಾತ್ರ ದೊರೆಯುತ್ತಿದೆ. ಹಳೆಯ ಎಂಜಿನ್ನುಗಳ ಮೆದುವಾದ ವಾಲ್ವುಪೀಠಗಳಿಗೆ ಆ ಸೀಸವೇ ತೆಳುವಾದ ಕವಚವಾಗಿತ್ತು. ಈಗ ಪೀಠವು ಮೆಲ್ಲಮೆಲ್ಲನೆ ತೇಯ್ದು, ವಾಲ್ವು ಒಳಕ್ಕೆ ಕುಸಿದು, ಟ್ಯಾಪೆಟ್ಟಿನ ಅಂತರವು ಮುಚ್ಚಿಹೋಗುತ್ತ ಬರುತ್ತದೆ. ಸದ್ದು ನಿಂತಿತೆಂದು ಯಜಮಾನನು ಹಿಗ್ಗುವಷ್ಟರಲ್ಲಿ ವಾಲ್ವು ಪೂರ್ತಿಯಾಗಿ ಮುಚ್ಚಿಕೊಳ್ಳಲಾರದೆ ಸುಟ್ಟಿರುತ್ತದೆ. ಆದುದರಿಂದ ಟಿಕಟಿಕವು ಕಡಮೆಯಾದಾಗಲೇ ಅಳೆಯಬೇಕು. ಈ ಎಂಜಿನ್ನಿಗೆ ತಣ್ಣಗಿರುವಾಗ ಅಂಗುಲದ ಸಾವಿರದಲ್ಲಿ 15 ಭಾಗದ ಅಂತರವಿರಬೇಕು. ಯಾವ ವಾಲ್ವನ್ನು ಯಾವಾಗ ಅಳೆಯಬೇಕೆಂಬುದಕ್ಕೆ ಒಂದು ಸೊಗಸಾದ ಲೆಕ್ಕವಿದೆ. ರೇಡಿಯೇಟರಿನ ಕಡೆಯಿಂದ ಎಂಟು ವಾಲ್ವುಗಳನ್ನೂ ಎಣಿಸಿಕೊಂಡು, ಎಂಟನೆಯದು ಪೂರ್ತಿಯಾಗಿ ಅದುಮಿದ್ದಾಗ ಒಂದನೆಯದನ್ನು, ಏಳನೆಯದು ಅದುಮಿದ್ದಾಗ ಎರಡನೆಯದನ್ನು, ಹೀಗೆ ಎರಡರ ಮೊತ್ತವು ಯಾವಾಗಲೂ ಒಂಬತ್ತಾಗುವಂತೆ ಅಳೆಯುತ್ತ ಹೋಗಬೇಕು. ಒಂದನೆಯ ಮತ್ತು ನಾಲ್ಕನೆಯ ಪಿಸ್ಟನ್ನುಗಳು ಜೊತೆಯಾಗಿಯೂ, ಎರಡನೆಯ ಮತ್ತು ಮೂರನೆಯವು ಜೊತೆಯಾಗಿಯೂ ಏರಿಳಿಯುವುದರಿಂದ ಈ ಲೆಕ್ಕವು ತಪ್ಪುವುದಿಲ್ಲ. ಶಾಲೆಯ ಹುಡುಗರಿಗೆ ಹೇಳಿಕೊಟ್ಟರೆ ಬಹಳ ಸಂತೋಷದಿಂದ ಮಾಡುತ್ತಾರೆ.

ಹೊಗೆಯ ಭಾಷೆಯು ಸುಲಭ. ಕಪ್ಪು ಹೊಗೆಯೆಂದರೆ ಪೆಟ್ರೋಲು ಹೆಚ್ಚು. ಚೋಕು ಸಿಕ್ಕಿಕೊಂಡಿದೆಯೆ ನೋಡಬೇಕು. ನೀಲಿಯೆಂದರೆ ಎಣ್ಣೆ ಉರಿಯುತ್ತಿದೆ. ಭಾರವೆಳೆಯುವಾಗಲೆಲ್ಲ ನೀಲಿಯಾದರೆ ಉಂಗುರಗಳು; ಇಳಿಜಾರಿನಲ್ಲಿ ಕಾಲು ತೆಗೆದು ಬಂದು, ಕೆಳಗೆ ಮತ್ತೆ ಒತ್ತಿದೊಡನೆ ಒಮ್ಮೆ ಭುಸ್ಸೆಂದರೆ ವಾಲ್ವಿನ ಗೈಡುಗಳು. ಬೆಳಗಿನ ಬಿಳಿಯ ಆವಿಯಿಂದ ಏನೂ ಹಾನಿಯಿಲ್ಲ. ಕಾದ ಮೇಲೂ ಬಿಳಿಯ ಹೊಗೆ ನಿಲ್ಲದೆ, ರೇಡಿಯೇಟರಿನ ನೀರೂ ಕಡಮೆಯಾಗುತ್ತಿದ್ದರೆ ನೀರು ಸಿಲಿಂಡರಿಗೆ ಇಳಿಯುತ್ತಿದೆ. ನೀರನ್ನು ನೋಡಲೆಂದು ಕಾದ ರೇಡಿಯೇಟರಿನ ಮುಚ್ಚಳವನ್ನು ಮಾತ್ರ ತೆರೆಯಕೂಡದು.

ಎಸ್.ಯು. ಕಾರ್ಬುರೇಟರು ಉಳ್ಳ ಗಾಡಿಗಳಲ್ಲಿ ಪೆಟ್ರೋಲು ಗಾಳಿಗಳ ಮಿಶ್ರಣವನ್ನು ನೋಡುವುದು ಸುಲಭ. ಅದರ ಪಿಸ್ಟನ್ನನ್ನು ಅಂಗುಲದ ಮೂವತ್ತೆರಡರಲ್ಲಿ ಒಂದು ಭಾಗದಷ್ಟು ಎತ್ತಿ ಹಿಡಿದಾಗ ಎಂಜಿನ್ನಿನ ವೇಗವು ಏರಿ ಹಾಗೆಯೇ ನಿಂತರೆ ಪೆಟ್ರೋಲು ಹೆಚ್ಚು; ಕುಸಿದರೆ ಕಡಮೆ; ಒಂದು ಕ್ಷಣ ಏರಿ ಮತ್ತೆ ನೆಲೆಗೊಂಡರೆ ಸರಿ. ಇತ್ತೀಚೆಗೆ ಕುಸಿಯುವವೇ ಹೆಚ್ಚು. ನೂರಕ್ಕೆ ಇಪ್ಪತ್ತು ಭಾಗ ಎಥನಾಲ್ ಬೆರೆತ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಬಿಡುಗಡೆ ಮಾಡಿದರಷ್ಟೆ. ಎಥನಾಲು ತನ್ನೊಳಗೇ ಆಮ್ಲಜನಕವನ್ನು ಹೊತ್ತು ಬರುವುದರಿಂದ, ಹಳೆಯ ಅಳತೆಗೆ ಕೂಡಿಸಿಟ್ಟ ಕಾರ್ಬುರೇಟರಿನಲ್ಲಿ ಮಿಶ್ರಣವು ತೆಳುವಾಗುತ್ತದೆ. ಅದು ಹಳೆಯ ರಬ್ಬರಿನ ಕೊಳವೆಗಳನ್ನೂ ಪಂಪಿನ ಪೊರೆಯನ್ನೂ ಮೆತ್ತಗಾಗಿಸುತ್ತದೆ, ಗಾಳಿಯಲ್ಲಿಯ ನೀರನ್ನು ಹೀರುತ್ತದೆ, ಟ್ಯಾಂಕಿನ ತಳದ ಹಳೆಯ ಕೊಳೆಯನ್ನು ಕಲಕಿ ತಂದು ಸೋಸುವ ಜಾಲರಿಗೆ ಸುರಿಯುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿದ್ದ ಗಾಡಿಯು ಎರಡು ಫರ್ಲಾಂಗು ಹೋಗಿ ನಿಂತರೆ ಮೊದಲು ಈ ಕೊಳವೆಗಳನ್ನು ಬೆರಳಿನಿಂದ ಹಿಚುಕಿ ನೋಡಬೇಕು. ಪೆಟ್ರೋಲಿನ ವಾಸನೆ ಬಂದಲ್ಲಿ ಕಿಡಿಯ ಪರೀಕ್ಷೆಯನ್ನೆಲ್ಲ ನಿಲ್ಲಿಸಿಬಿಡಬೇಕು.

ಚಾರ್ಮಾಡಿಯಂತಹ ಘಾಟಿಯ ಏರಿನಲ್ಲಿ, ಬೇಸಗೆಯ ಮಧ್ಯಾಹ್ನದಲ್ಲಿ, ಗಾಡಿಯು ನಿಲ್ಲುವುದು ಬೇರೊಂದು ಕಾರಣದಿಂದ. ಎಂಜಿನ್ನಿಗೆ ಅಂಟಿಕೊಂಡಿರುವ ಪಂಪಿನಲ್ಲಿ ಪೆಟ್ರೋಲು ಕುದಿದು ಆವಿಯಾಗಿ, ಪಂಪು ಆವಿಯನ್ನೇ ಅಗಿಯುತ್ತ ಕೂಡುತ್ತದೆ. ಹಿಂದಿನ ಡ್ರೈವರುಗಳು ಒದ್ದೆಬಟ್ಟೆಯನ್ನು ಪಂಪಿಗೆ ಸುತ್ತಿ ಕಾಲು ಗಂಟೆ ಕಾಯುತ್ತಿದ್ದರು. ಇಂದಿಗೂ ಅದೇ ಮದ್ದು.

ಹೆಡ್ಡನ್ನು ಎತ್ತಿದ ದಿನ ಬೇರೊಂದು ಗಾರೇಜಿನ ವೃದ್ಧ ಮೆಕ್ಯಾನಿಕ್ಕನು ಜತೆಗಿದ್ದನು. ಗ್ಯಾಸ್ಕೆಟ್ಟಿನಲ್ಲಿ ಎರಡನೆಯ ಮತ್ತು ಮೂರನೆಯ ಸಿಲಿಂಡರುಗಳ ನಡುವೆ ಪೆನ್ಸಿಲಿನಷ್ಟು ಅಗಲಕ್ಕೆ ಕರಿದು ಹೋಗಿತ್ತು. ಸಿಲಿಂಡರುಗಳ ಗೋಡೆಗಳು ನುಣುಪಾಗಿ ಹೊಳೆಯುತ್ತಿದ್ದುವು. ಹೆಡ್ಡು ಬಾಗಿಲ್ಲವೆಂದು ನೇರವಾದ ಪಟ್ಟಿಯನ್ನಿಟ್ಟು ನೋಡಿ, ಹೊಸ ಗ್ಯಾಸ್ಕೆಟ್ಟನ್ನು ಹಾಕಿ, ಕ್ರಮವರಿತು ಬಿಗಿದು, ಟ್ಯಾಪೆಟ್ಟುಗಳನ್ನು ಮತ್ತೆ ಅಳೆದು ಮುಗಿಸಿದೆವು. ಮರುದಿನ ಕನಕಪುರದ ರಸ್ತೆಯಲ್ಲಿ ಗಾಡಿಯು ಹಗುರವಾಗಿ ಓಡಿತು. ಆದರೆ ಎಂಜಿನ್ನಿನ ಗೊಂದಲವು ಅಡಗಿದುದರಿಂದ, ಅದರ ಹಿಂದೆ ಅವಿತುಕೊಂಡಿದ್ದ ಇನ್ನೊಂದು ಸದ್ದು ಕೇಳಿಸತೊಡಗಿತು. ಗೇರುಪೆಟ್ಟಿಗೆಯ ಕಡೆಯಿಂದ ತೆಳುವಾದ ಒಂದು ಗೋಳು.

ಕ್ಲಚ್ಚು, ಗೇರು, ಆಕ್ಸಲುಗಳ ಪರೀಕ್ಷೆಯೂ ಅದೇ ತತ್ತ್ವದ್ದು. ಕ್ಲಚ್ಚು ಜಾರುತ್ತಿದೆಯೆ ಎಂದು ನೋಡಲು, ಮುಂದೆ ಗೋಡೆಯಾಗಲಿ ಜನರಾಗಲಿ ಇಲ್ಲದ ಸಮತಟ್ಟು ನೆಲದಲ್ಲಿ ಕೈಬ್ರೇಕನ್ನು ಬಿಗಿಯಾಗಿ ಎಳೆದು, ಮೂರನೆಯ ಗೇರಿಗೆ ಹಾಕಿ, ಆಕ್ಸಲರೇಟರನ್ನು ತುಸು ಒತ್ತಿ ಕ್ಲಚ್ಚನ್ನು ಮೆಲ್ಲನೆ ಬಿಡಬೇಕು. ಎಂಜಿನ್ನು ಕೂಡಲೆ ನಿಂತುಹೋದರೆ ಕ್ಲಚ್ಚು ಗಟ್ಟಿ. ಓಡುತ್ತಲೇ ಇದ್ದರೆ ಜಾರುತ್ತಿದೆ. ಒಂದು ಸಲಕ್ಕಿಂತ ಹೆಚ್ಚಾಗಿ ಇದನ್ನು ಮಾಡಿದರೆ ಒಳ್ಳೆಯ ಕ್ಲಚ್ಚೂ ಸುಟ್ಟೀತು. ಜಾರುವ ಕ್ಲಚ್ಚನ್ನು ಬಿಚ್ಚುವ ಮೊದಲು ಪೆಡಲಿನ ತುದಿಯಲ್ಲಿ ಸ್ವಲ್ಪ ಆಟ ಉಳಿದಿದೆಯೆ ನೋಡಬೇಕು. ಎಷ್ಟೋ ಸಲ ಅಷ್ಟೇ ರೋಗ. ಇಲ್ಲವಾದರೆ ಕ್ಲಚ್ಚಿನ ಗೂಡಿನ ತಳದಲ್ಲಿರುವ ಸಣ್ಣ ರಂಧ್ರದಿಂದ ಎಣ್ಣೆ ತೊಟ್ಟಿಕ್ಕುತ್ತಿದೆಯೆ ಎಂಬುದನ್ನು ನಮ್ಮ ವೃತ್ತಪತ್ರಿಕೆಯೇ ತಿಳಿಸುತ್ತದೆ. ಉಂಗುರಗಳು ಸವೆದ ಎಂಜಿನ್ನಿನ ಹೊಟ್ಟೆಯಲ್ಲಿ ಒತ್ತಡ ಹೆಚ್ಚಿ, ಹಿಂತುದಿಯಿಂದ ಎಣ್ಣೆ ಹೊರಬಿದ್ದು ಕ್ಲಚ್ಚನ್ನು ನೆನಸುವುದುಂಟು. ಅಲ್ಲಿ ಕ್ಲಚ್ಚಿನ ರೋಗಕ್ಕೆ ಮದ್ದು ಎಂಜಿನ್ನಿನಲ್ಲಿರುತ್ತದೆ.

ಗೇರು ಬೀಳುವುದೇ ಕಷ್ಟವಾದರೆ ಎಂಜಿನ್ನನ್ನು ನಿಲ್ಲಿಸಿ ಹಾಕಿ ನೋಡಬೇಕು. ನಿಂತಾಗ ಸಲೀಸಾಗಿ ಬಿದ್ದು, ಓಡುವಾಗ ಕಿರುಗುಟ್ಟಿದರೆ ಕ್ಲಚ್ಚು ಪೂರ್ತಿಯಾಗಿ ಬಿಡುತ್ತಿಲ್ಲ. ನಿಂತಾಗಲೂ ಬೀಳದಿದ್ದರೆ ದೋಷವು ಕಡ್ಡಿಗಳಲ್ಲಿ. ಸ್ಟಿಯರಿಂಗಿನ ಪಕ್ಕದಲ್ಲಿ ಗೇರುಹಿಡಿಯುಳ್ಳ ಗಾಡಿಗಳಲ್ಲಿ ಹಿಡಿಗೂ ಪೆಟ್ಟಿಗೆಗೂ ನಡುವೆ ಉದ್ದನೆಯ ಕಡ್ಡಿಗಳೂ ಪುಟ್ಟ ಬುಷ್ಷುಗಳೂ ಇರುತ್ತವೆ. ಬುಷ್ಷು ಸವೆದುದಕ್ಕಾಗಿ ಗೇರುಪೆಟ್ಟಿಗೆಯನ್ನೇ ಬಿಚ್ಚಿಸಿಕೊಂಡವರನ್ನು ನಾನು ಕಂಡಿದ್ದೇನೆ.

ನಿಂತ ಗಾಡಿಯಲ್ಲಿ, ನ್ಯೂಟ್ರಲಿನಲ್ಲಿ, ಕ್ಲಚ್ಚನ್ನು ಒತ್ತಿದಾಗ ಹುಟ್ಟುವ ಸದ್ದು ಕ್ಲಚ್ಚನ್ನು ಬಿಡಿಸುವ ಬೇರಿಂಗಿನದು. ಒತ್ತಿದಾಗ ಅಡಗಿ, ಬಿಟ್ಟಾಗ ಮರಳುವ ಸದ್ದು ಗೇರುಪೆಟ್ಟಿಗೆಯ ಒಳಗಣದು. ಮಾವನವರ ಗಾಡಿಯ ಗೋಳು ಎರಡನೆಯ ಜಾತಿಯದಾಗಿತ್ತು. ಅನಂತರ ಅವರನ್ನು ಒಂದೊಂದು ಗೇರಿನಲ್ಲಿಯೂ ಸ್ವಲ್ಪ ದೂರ ಓಡಿಸಲು ಹೇಳಿ ನಾನು ಕಿವಿಗೊಟ್ಟು ಕುಳಿತೆನು. ಒಂದು, ಎರಡು, ಮೂರರಲ್ಲಿ ಗೋಳಿತ್ತು. ನಾಲ್ಕಕ್ಕೆ ಹಾಕಿದೊಡನೆ ಬಹುಮಟ್ಟಿಗೆ ಅಡಗಿತು. ನಾಲ್ಕನೆಯ ಗೇರಿನಲ್ಲಿ ಎಂಜಿನ್ನಿನ ಬಲವು ಪೆಟ್ಟಿಗೆಯೊಳಗೆ ನೇರವಾಗಿ ಹಾದುಹೋಗುತ್ತದೆ. ಉಳಿದ ಗೇರುಗಳಲ್ಲಿ ಅದು ಕೆಳಗಣ ಲೇಷಾಫ್ಟೆಂಬ ಒಳದಂಡವನ್ನು ಬಳಸಿ ಬರಬೇಕು. ನಾಲ್ಕರಲ್ಲಿ ಆ ದಂಡವು ತಿರುಗುತ್ತದೆಯೇ ಹೊರತು ಭಾರವನ್ನು ಹೊರುವುದಿಲ್ಲ. ಆದುದರಿಂದ ಸಂಶಯವು ಆ ದಂಡದ ಬೇರಿಂಗುಗಳ ಮೇಲೆ ಬಿದ್ದಿತು. ನಾಲ್ಕೂ ಗೇರುಗಳಲ್ಲಿ ಒಂದೇ ಸಮನಾಗಿದ್ದು, ಗಾಡಿಯ ವೇಗವನ್ನೇ ಅನುಸರಿಸಿ, ಆಕ್ಸಲರೇಟರನ್ನು ಒತ್ತಿದಾಗ ಒಂದು ಸ್ವರ ಬಿಟ್ಟಾಗ ಇನ್ನೊಂದು ಸ್ವರವಾಗಿದ್ದರೆ ಹಿಂದಿನ ಡಿಫರೆನ್ಷಿಯಲ್ಲಿನ ಕಡೆ ನೋಡುತ್ತಿದ್ದೆವು. ರಸ್ತೆಯ ತಿರುವಿನಲ್ಲಿ ಒಂದು ಕಡೆಗೆ ಹೆಚ್ಚಿ ಇನ್ನೊಂದು ಕಡೆಗೆ ತಗ್ಗಿದರೆ ಚಕ್ರದ ಬೇರಿಂಗನ್ನೂ, ಹೊರಡುವಾಗ ಖಟ್ಟೆಂದು ಒಮ್ಮೆ ಹೊಡೆದರೆ ಪ್ರೊಪೆಲರ್ ದಂಡದ ಜಾಯಿಂಟುಗಳನ್ನೂ ನೋಡುತ್ತಿದ್ದೆವು.

ಪೆಟ್ಟಿಗೆಯನ್ನು ಇಳಿಸಲಿಲ್ಲ. ಮೊದಲು ಎಣ್ಣೆಯ ಮಟ್ಟವನ್ನು ನೋಡಿದೆವು; ಬಹಳ ಕೆಳಗಿಳಿದಿತ್ತು. ಕೈಪಿಡಿಯಲ್ಲಿ ಹೇಳಿದ ಎಣ್ಣೆಯನ್ನೇ ಮಟ್ಟಕ್ಕೆ ತುಂಬಿಸಿದಾಗ ಗೋಳು ಅರ್ಧಕ್ಕಿಂತ ಹೆಚ್ಚಾಗಿ ತಗ್ಗಿತು, ಪೂರ್ತಿ ಹೋಗಲಿಲ್ಲ. ಹರಿಸಿದ ಎಣ್ಣೆಯಲ್ಲಿ ಲೋಹದ ಚೂರುಗಳು ಇದ್ದಿದ್ದರೆ ಅಂದೇ ಬಿಚ್ಚುತ್ತಿದ್ದೆವು. ಇರಲಿಲ್ಲ. ಮಾವನವರು ಅಂಕಿಗಳಿದ್ದ ಅದೇ ಚೀಟಿಯ ಹಿಂಬದಿಯಲ್ಲಿ ಆ ದಿನದ ತಾರೀಖನ್ನೂ, ಮೀಟರಿನ ಮೈಲಿಯನ್ನೂ, “ಮೂರನೇ ಗೇರಿನಲ್ಲಿ ಸಣ್ಣಗೆ” ಎಂಬ ಮಾತನ್ನೂ ಬರೆದುಕೊಂಡರು. ಗುಜರಿಯವನಿಗೆ ಬರಬೇಡವೆಂದು ತಿಳಿಸಿದರಂತೆ. ಈಗ ನನ್ನನ್ನು ಕಂಡಾಗಲೆಲ್ಲ ಮೂರನೆಯ ಗೇರಿನ ಸಮಾಚಾರವನ್ನೇ ಮೊದಲು ಹೇಳುತ್ತಾರೆ.